ತಗಡೂರಿನ ದಾರಿಯಲ್ಲಿ ನಮ್ಮ ಋಣ

ಕ್ರಿ.ಶ. 893ರಲ್ಲಿ, ನೊಳಂಬ ದೊರೆ ಮಹೇಂದ್ರನ ಕಾಲದಲ್ಲಿ, ನಿಧಿಯಣ್ಣ ಮತ್ತು ಚಂಡಿಯಣ್ಣ ಎಂಬಿಬ್ಬರು ತಗಡೂರಿನಲ್ಲಿ ಒಂದು ಬಸದಿ ಕಟ್ಟಿಸಿದರು. ಆ ತಗಡೂರೇ ಇಂದಿನ ಧರ್ಮಪುರಿ. ರಾಜನಿಂದ ಮೂಲಪಳ್ಳಿ ಎಂಬ ಊರು ನಿಧಿಯಣ್ಣನಿಗೆ ಸಿಕ್ಕಿತು. ಅವನು ಅದನ್ನು ತನ್ನ ಮನೆತನಕ್ಕೆ ಉಳಿಸಿಕೊಳ್ಳಲಿಲ್ಲ. ಬಸದಿ ಶಿಥಿಲವಾದಾಗ ದುರಸ್ತಿಗೆ ಒದಗಲಿ ಎಂದು ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿಬಿಟ್ಟ. ಈ ಸಂಗತಿಯನ್ನು ಕಲ್ಲುಕಂಬದ ಮೇಲೆ ಕನ್ನಡದಲ್ಲಿ ಬರೆಸಿದರು.

ಇಂದು ಅದೇ ಧರ್ಮಪುರಿಯ ಪಕ್ಕದಲ್ಲಿ ನಾವು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹಾದುಹೋಗುತ್ತೇವೆ. ಶುಕ್ರವಾರ ಸಂಜೆಯಾದರೆ ಅತ್ತಿಬೆಲೆ ದಾಟಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಕಾರು, ಬೈಕುಗಳ ಸಾಲು. ಹೊಸೂರು, ಕೃಷ್ಣಗಿರಿ, ಧರ್ಮಪುರಿ, ತೊಪ್ಪೂರು ಘಟ್ಟ, ಓಮಲೂರು, ಸೇಲಂ. ಏರ್ಕಾಡಿನ 20 ತಿರುವುಗಳು, ಹೊಗೇನಕಲ್ಲಿನ ಹರಿಗೋಲು, ಮೆಟ್ಟೂರಿನ ಅಣೆಕಟ್ಟೆ, ಈಗೀಗ ಕಾಡುಗಳ್ಳ ವೀರಪ್ಪನ್ ಅಡಗಿದ್ದ ಕಾಡು. ಭಾನುವಾರ ರಾತ್ರಿ ಮರಳುವಾಗ ನಾವು ಅಲ್ಲಿ ಬಿಟ್ಟು ಬಂದಿರುವುದೇನು? ನಿಧಿಯಣ್ಣ ದುರಸ್ತಿಗೆಂದು ಒಂದು ಊರನ್ನೇ ಬಿಟ್ಟುಹೋದ. ನಾವು ಖಾಲಿ ಬಾಟಲಿ ಬಿಟ್ಟು ಬರುತ್ತೇವೆ, ಕೋಟೆಯ ಗೋಡೆಯ ಮೇಲೆ ಗೀಚಿದ ಹೆಸರು ಬಿಟ್ಟು ಬರುತ್ತೇವೆ.

ಪ್ರವಾಸ ಬೇಡ ಎನ್ನಲು ನಾನು ಬರೆಯುತ್ತಿಲ್ಲ. ಹೋಗಿ. ಇನ್ನೂ ಹೆಚ್ಚು ಹೋಗಿ. ಆದರೆ ಹೋಗುವ ಊರಿನ ಜೊತೆ ನಮಗೆ ಲೆಕ್ಕ ಬಾಕಿ ಇದೆ ಎಂಬುದು ಗೊತ್ತಿರಲಿ.

ಈ ಘಟ್ಟ ಇಳಿಯುವುದರಲ್ಲಿ ನಾವು ಹೊಸಬರಲ್ಲ. ತಗಡೂರನ್ನು ಸಂಗಂ ಕಾಲದಲ್ಲಿ ಆಳಿದ ಅದಿಯಮಾನ್ ನೆಡುಮಾನ್ ಅಂಜಿ, ತನಗೆ ದೀರ್ಘಾಯುಷ್ಯ ಕೊಡಬಹುದಾಗಿದ್ದ ಅಪರೂಪದ ನೆಲ್ಲಿಕಾಯಿಯನ್ನು ಕವಯಿತ್ರಿ ಅವ್ವೈಯಾರ್‌ಗೆ ಕೊಟ್ಟವನು ಎಂದು ತಮಿಳರು ಇಂದಿಗೂ ನೆನೆಯುತ್ತಾರೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡಿನಲ್ಲಿ ಸೋಲಿಸಿದ ಚೋಳ ಸಾಮಂತನ ಹೆಸರು ನಮ್ಮ ಶಾಸನಗಳಲ್ಲಿ ಅದಿಯಮ ಎಂದಿದೆ. ಅದು ಇದೇ ಮನೆತನದ ಹೆಸರು. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಸೈನ್ಯ ತಾರಮಂಗಲದ ಗಟ್ಟಿ ಮುದಲಿಗಳ ಮೇಲೆ ಬಿದ್ದು ಕಾವೇರಿಪುರವನ್ನು ಹಿಡಿಯಿತು. ಆಮೇಲೆ ಹೈದರ್, ಟಿಪ್ಪು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಬ್ರಿಟಿಷರಿಗೆ ಬಿಟ್ಟುಕೊಡುವವರೆಗೆ ಈ ನೆಲದ ಕಂದಾಯ ಹೋಗುತ್ತಿದ್ದದ್ದು ಮೈಸೂರಿಗೆ. ಹಾಗೆ ಬಿಟ್ಟುಕೊಟ್ಟ ಮೇಲೆ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಏಳು ವರ್ಷ ಇಲ್ಲಿನ ಹೊಲಹೊಲ ಅಳೆದು ರೈತವಾರಿ ಪದ್ಧತಿಗೆ ರೂಪ ಕೊಟ್ಟರು. ನಮ್ಮ ತಾತಂದಿರ ಪಹಣಿಯ ಬೇರು ಹುಡುಕಿ ಹೊರಟವರು ಧರ್ಮಪುರಿಗೆ ಬರಲೇಬೇಕು.

ಸಂಕಗಿರಿಯ ಕೋಟೆ ಹತ್ತುವವರು ಒಂದು ಹೆಸರನ್ನು ಬಾಯಲ್ಲಿಟ್ಟುಕೊಂಡು ಹತ್ತಬೇಕು: ಧೀರನ್ ಚಿನ್ನಮಲೈ. ಟಿಪ್ಪುವಿನ ಪಕ್ಷದಲ್ಲಿ ನಿಂತು ಕಾದಿದ ಕೊಂಗುನಾಡಿನವನು. ಶ್ರೀರಂಗಪಟ್ಟಣ ಬಿದ್ದ ಮೇಲೂ ಬ್ರಿಟಿಷರಿಗೆ ತಲೆಬಾಗದೆ ಹೋರಾಡಿದ. 1805ರಲ್ಲಿ ಅವನನ್ನು ಇದೇ ಸಂಕಗಿರಿಯಲ್ಲಿ ಗಲ್ಲಿಗೇರಿಸಿದರು. ಮೈಸೂರಿನ ಜೊತೆ ನಿಂತು ಸತ್ತವನ ಹೆಸರು ಮೈಸೂರು ಸೀಮೆಯ ಮಕ್ಕಳಿಗೆ ಗೊತ್ತಿಲ್ಲ. ಅಲ್ಲಿ ಆಡಿ ತಿಂಗಳಲ್ಲಿ ಜನ ಸೇರಿ ಅವನನ್ನು ನೆನೆಯುತ್ತಾರೆ. ನಮ್ಮವರು ಬುರುಜಿನ ಮೇಲೆ ಡ್ರೋನ್ ಹಾರಿಸಿ ಇಳಿದು ಬರುತ್ತಾರೆ.

ಧರ್ಮಪುರಿಯ ಹೊಲಗಳಲ್ಲಿ, ಹಳ್ಳಿಯ ಅಂಚಿನಲ್ಲಿ ವೀರಗಲ್ಲುಗಳು ನಿಂತಿವೆ. ತುರು ಕದ್ದವರನ್ನು ಬೆನ್ನಟ್ಟಿ ಸತ್ತವನ ಕಲ್ಲು, ಊರಿಗಾಗಿ ಬಿದ್ದವನ ಕಲ್ಲು. ಎಷ್ಟೋ ಕಲ್ಲುಗಳ ಮೇಲಿನ ಬರಹ ವಟ್ಟೆಳುತ್ತು ಲಿಪಿಯಲ್ಲಿದೆ. ಕಥೆ ಮಾತ್ರ ಶಿಕಾರಿಪುರದಲ್ಲೋ ಹಾನಗಲ್ಲಿನಲ್ಲೋ ನಾವು ಕಾಣುವ ಕಲ್ಲುಗಳದೇ. ಅಲ್ಲಿಯ ಜನ ಅವನ್ನು ವೇಡಿಯಪ್ಪನ್ ಎಂದು ಪೂಜಿಸುತ್ತಾರೆ, ಅರಿಶಿನ ಹಚ್ಚುತ್ತಾರೆ, ಹಬ್ಬ ಮಾಡುತ್ತಾರೆ. ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಇದು. ಹೆಸರು ಮರೆತುಹೋದ, ಬರಹ ಓದಲು ಬಾರದ ಒಬ್ಬ ಸತ್ತವನನ್ನು ಸಾವಿರ ವರ್ಷ ಬಿಡದೆ ನೋಡಿಕೊಂಡ ಜನ ಅವರು. ಆ ಕಲ್ಲಿಗೆ ಒರಗಿ ಕಾಲ ಮೇಲೆ ಕಾಲು ಹಾಕಿ ಫೋಟೋ ತೆಗೆಸಿಕೊಳ್ಳುವವರು ಯಾರದೋ ಮನೆಯ ದೇವರ ಮೇಲೆ ಒರಗಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಪ್ಪಲಿ ಬಿಟ್ಟು ಹತ್ತಿರ ಹೋಗಿ. ಅಲ್ಲಿ ಯಾರಾದರೂ ಇದ್ದರೆ ಕೇಳಿ, ಇದು ಯಾರ ಕಲ್ಲು ಎಂದು. ಹರಕು ತಮಿಳಾದರೂ ಸಾಕು. ಬೇಕಿದ್ದರೆ ಕನ್ನಡದಲ್ಲೇ ಕೇಳಿ, ಅರ್ಥವಾಗುವವರು ಆ ಜಿಲ್ಲೆಯಲ್ಲಿ ಸಿಗುತ್ತಾರೆ. ಸೇಲಂನ ಮಗ್ಗದ ಕೇರಿಗಳಲ್ಲಿ, ಚೌಡೇಶ್ವರಿಯ ಒಕ್ಕಲಾದ ದೇವಾಂಗರ ಮನೆಗಳಲ್ಲಿ, ಕನ್ನಡ ಇಂದಿಗೂ ಒಳಮನೆಯ ಮಾತು. ಅಂಗಡಿಯ ಬೋರ್ಡಿನಲ್ಲಿ ಅದು ಕಾಣುವುದಿಲ್ಲ. ಅಂಗಳಕ್ಕೆ ಹೋಗಿ ಕೂತರೆ ಕೇಳಿಸುತ್ತದೆ. ಹಾಗೆ ಹೋಗಿ ಕೂರುವಷ್ಟು ಪುರುಸೊತ್ತು ನಮ್ಮ ಟ್ರಿಪ್ಪಿನಲ್ಲಿ ಎಲ್ಲಿದೆ?

ಏರ್ಕಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಬಗ್ಗೆ ಎಲ್ಲರೂ ಹೇಳುತ್ತಾರೆ. 1820ರ ದಶಕದಲ್ಲಿ ಸೇಲಂನ ಕಲೆಕ್ಟರ್ ಆಗಿದ್ದ ಡೇವಿಡ್ ಕಾಕ್‌ಬರ್ನ್ ಅಲ್ಲಿಗೆ ಕಾಫಿ ತಂದ ಎಂಬುದು ಎಲ್ಲ ಫಲಕಗಳಲ್ಲೂ ಇದೆ. ಅವನಿಗಿಂತ ಎಷ್ಟೋ ಮೊದಲಿನಿಂದ ಬೆಟ್ಟದಲ್ಲಿರುವ ಮಲಯಾಳಿ ಎಂಬ ಬುಡಕಟ್ಟಿನ ಜನ, ಅವರ ಸೇರ್ವರಾಯನ್ ಗುಹೆ, ಬಾಕ್ಸೈಟ್‌ಗಾಗಿ ಅಗೆದ ಬೆಟ್ಟದ ಗಾಯ, ಇವನ್ನೂ ನೋಡಿ ಬನ್ನಿ ಎಂದಷ್ಟೇ ಕೇಳುತ್ತೇನೆ.

ತಾರಮಂಗಲಕ್ಕೆ ಮಾತ್ರ ಖಂಡಿತ ಹೋಗಿ. ಗಟ್ಟಿ ಮುದಲಿಗಳು ಕಟ್ಟಿಸಿದ ಕೈಲಾಸನಾಥ ದೇವಾಲಯದಲ್ಲಿ ಸಿಂಹದ ಬಾಯೊಳಗೆ ಉರುಳುವ ಕಲ್ಲಿನ ಗುಂಡು, ಕಲ್ಲಿನ ಸರಪಳಿ ಇವೆ. ಜನ ಮುಗಿಬೀಳುವುದು ಅವಕ್ಕೆ. ನೀವು ರಾಮ ಮತ್ತು ವಾಲಿಯ ಕಂಬಗಳ ಬಳಿ ನಿಲ್ಲಿ. ರಾಮ ನಿಂತ ಜಾಗದಿಂದ ನೋಡಿದರೆ ಸುಗ್ರೀವನೊಡನೆ ಹೋರಾಡುತ್ತಿರುವ ವಾಲಿ ಕಾಣುತ್ತಾನೆ. ವಾಲಿಯ ಕಡೆಯಿಂದ ನೋಡಿದರೆ ರಾಮ ಕಾಣುವುದಿಲ್ಲ. ಮರೆಯಲ್ಲಿದ್ದವನಿಗೆ ಎದುರಿನವನು ಕಾಣುತ್ತಾನೆ, ಎದುರಿನವನಿಗೆ ಮರೆಯವನು ಕಾಣುವುದಿಲ್ಲ. ಕಪ್ಪು ಗಾಜು ಏರಿಸಿದ ಕಾರಿನೊಳಗೆ ಕೂತು ಹಳ್ಳಿ ನೋಡಿಕೊಂಡು ಹೋಗುವ ನಾವೂ ಹೀಗೆಯೇ ಇದ್ದೇವೆ. ನಾವು ಅವರನ್ನು ನೋಡುತ್ತೇವೆ, ಅವರಿಗೆ ನಾವು ಸಿಗುವುದಿಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಗಾಜು ಇಳಿಸಿ. ಕಾಣಿಸಿಕೊಳ್ಳಿ. ಅವರು ಕೇಳುವ ಪ್ರಶ್ನೆಗೆ ಸಿಗುವಂತಿರಿ.

ಅವರು ಏನು ಕೇಳಬಹುದು? ಹೊಗೇನಕಲ್ಲಿನಲ್ಲಿ ಹರಿಗೋಲಿನವನು ಕೇಳಬಹುದಾದ ಮೊದಲ ಪ್ರಶ್ನೆ ನೀರಿನದು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೂಳೆ ಬಾಗುತ್ತದೆ. ನಮಗೆ ಇದು ಹೊಸ ಸಂಗತಿಯಲ್ಲ. ಪಾವಗಡದವರನ್ನು ಕೇಳಿ, ಮುಂಡರಗಿಯವರನ್ನು ಕೇಳಿ. ನೊಳಂಬರು ಆಳಿದ ನಾಡಿನ ಉದ್ದಕ್ಕೂ ಬೋರ್‌ವೆಲ್ಲಿನಲ್ಲಿ ಇದೇ ವಿಷ. ಆ ಎರಡು ಜಿಲ್ಲೆಗಳಿಗೆ ಕಾವೇರಿಯಿಂದ ಕುಡಿಯುವ ನೀರು ಕೊಡುವ ಹೊಗೇನಕಲ್ ಯೋಜನೆಗೆ 2008ರಲ್ಲಿ ಶಂಕುಸ್ಥಾಪನೆಯಾದಾಗ ಕರ್ನಾಟಕದಲ್ಲಿ ಬಂದ್ ಕರೆ, ಧರಣಿ, ಘೋಷಣೆ. ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಅದನ್ನು ಕೆಲಕಾಲ ತಡೆಹಿಡಿಯಬೇಕಾಯಿತು. ಯೋಜನೆ ಪೂರ್ತಿಯಾಗಿ ಉದ್ಘಾಟನೆಯಾದದ್ದು 2013ರಲ್ಲಿ. ನದಿ ನೀರಿನ ಹಂಚಿಕೆಯ ವ್ಯಾಜ್ಯ ನ್ಯಾಯಾಲಯದಲ್ಲಿ ನಡೆಯಲಿ, ನಮ್ಮ ರೈತನ ಪಾಲಿಗಾಗಿ ನಮ್ಮ ವಕೀಲರು ವಾದಿಸಲಿ. ಅದು ಬೇರೆ ಮಾತು. ಮೂಳೆ ಬಾಗಿದ ಮುದುಕಿಯ ಕೊಡದ ನೀರಿಗೆ ಅಡ್ಡ ಬಂದದ್ದು ಬೇರೆ ಮಾತು. ಆ ವರ್ಷಗಳಲ್ಲೂ ನಾವು ಹೊಗೇನಕಲ್ಲಿಗೆ ಹೋಗಿ ಎಣ್ಣೆ ಹಚ್ಚಿಸಿಕೊಂಡು ಕಾವೇರಿಯಲ್ಲಿ ಮಿಂದು, ಮೀನು ತಿಂದು ಬರುತ್ತಿದ್ದೆವು.

2016ರ ಸೆಪ್ಟೆಂಬರ್ 12 ಇನ್ನೂ ಹತ್ತಿರದ್ದು. ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ಒಂದು ಡಿಪೋದಲ್ಲಿ ನಿಂತಿದ್ದ ಖಾಸಗಿ ಬಸ್ಸುಗಳ ಸಾಲಿಗೆ ಬೆಂಕಿ ಇಟ್ಟರು. ಅವು ಸೇಲಂ ಮೂಲದ ಸಂಸ್ಥೆಯ ಬಸ್ಸುಗಳು. ಒಂದೊಂದು ಬಸ್ಸಿನ ಹಿಂದೆ ಒಬ್ಬ ಡ್ರೈವರ್, ಒಬ್ಬ ಕ್ಲೀನರ್, ಓಮಲೂರಿನಲ್ಲೋ ಎಡಪ್ಪಾಡಿಯಲ್ಲೋ ಅವರ ದಾರಿ ಕಾಯುವ ಮನೆ ಇರುತ್ತದೆ. ಕೆಎ ನಂಬರಿನ ನಮ್ಮ ಕಾರು ತೊಪ್ಪೂರು ಘಟ್ಟದಲ್ಲಿ ಕೆಟ್ಟು ನಿಂತಾಗ ಬಾನೆಟ್ ಎತ್ತಿ ಕೈ ಮಸಿ ಮಾಡಿಕೊಳ್ಳುವ ಮೆಕ್ಯಾನಿಕ್‌ಗೆ ಇದೆಲ್ಲ ಮರೆತಿರುವುದಿಲ್ಲ. ಅವನು ಅದನ್ನು ಎತ್ತಿ ಆಡುವುದಿಲ್ಲ. ಅದು ಅವನ ದೊಡ್ಡತನ. ಅದನ್ನು ನೆನಪಿಡುವುದು ನಮ್ಮ ಕರ್ತವ್ಯ.

ಮೆಟ್ಟೂರಿನಲ್ಲೂ ಹೀಗೆಯೇ. 1924ರಲ್ಲಿ ಮೈಸೂರು, ಮದರಾಸು ಒಪ್ಪಂದ ಮಾಡಿಕೊಂಡು ನೀರು ಹಂಚಿಕೊಂಡವು. 1934ರಲ್ಲಿ ಸ್ಟ್ಯಾನ್ಲಿ ಜಲಾಶಯ ಪೂರ್ಣವಾಯಿತು. ಅದರಡಿಯಲ್ಲಿ ಊರುಗಳು ಮುಳುಗಿದವು. ಬರಗಾಲದಲ್ಲಿ ನೀರು ಕೆಳಗಿಳಿದಾಗ ಪಣ್ಣವಾಡಿಯ ಬಳಿ ಜಲಕಂಠೇಶ್ವರನ ನಂದಿಯೂ ಹಳೆಯ ಇಗರ್ಜಿಯ ಗೋಪುರಗಳೂ ಮೇಲೆ ಬರುತ್ತವೆ. ಆ ದೃಶ್ಯಕ್ಕೆ ಕ್ಯಾಮೆರಾ ಹಿಡಿದು ಓಡಿ ಬರುವ ನಾವು ನೆನಪಿಡಬೇಕು: ನಂದಿ ಕಂಡಿತೆಂದರೆ ಕೆಳಗೆ ತಂಜಾವೂರಿನ ಗದ್ದೆ ಒಣಗುತ್ತಿದೆ, ಮೇಲೆ ಮಂಡ್ಯದ ಕಬ್ಬೂ ಒಣಗುತ್ತಿದೆ.

ಈಗ ವೀರಪ್ಪನ್‌ನ ದಾರಿಗೆ ಬರುತ್ತೇನೆ. ಈ ಕರೆ ಬರೆಯಲು ನನ್ನನ್ನು ಕೂರಿಸಿದ್ದೇ ಅದು.

ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ದಾಟಿ ಕೊಳತ್ತೂರು, ಮೆಟ್ಟೂರಿಗೆ ಇಳಿಯುವ ರಸ್ತೆಯಲ್ಲಿ ಈಗ ಹೊಸ ಬಗೆಯ ಯಾತ್ರಿಕರು ಓಡಾಡುತ್ತಾರೆ. ಅವನು ಹುಟ್ಟಿದ ಗೋಪಿನಾಥಂ, 2004ರ ಅಕ್ಟೋಬರ್ 18ರಂದು ಅವನು ಸತ್ತ ಪಾಪ್ಪಾರಪಟ್ಟಿಯ ಬಳಿಯ ರಸ್ತೆ, ಅವನನ್ನು ಹೂಳಿದ ಮೂಲಕ್ಕಾಡು. ಸಮಾಧಿಯ ಪಕ್ಕ ನಿಂತು ಮೀಸೆ ತಿರುವುತ್ತಾ ವಿಡಿಯೊ ಮಾಡುತ್ತಾರೆ. ಹಿನ್ನೆಲೆಯಲ್ಲಿ ಸಿನಿಮಾ ಸಂಗೀತ. ಅಣ್ಣಂದಿರೇ, ತಮ್ಮಂದಿರೇ, ನಿಮ್ಮನ್ನು ಕೈಮುಗಿದು ಕೇಳುತ್ತೇನೆ. ಅದು ರೋಮಾಂಚನದ ಜಾಗವಲ್ಲ. ಆ ರಸ್ತೆಯ ಇಕ್ಕೆಲಗಳಲ್ಲಿ ಇಂದಿಗೂ ಬದುಕಿರುವವರ ಮನೆಯಲ್ಲಿ ಹೆಣ ಬಿದ್ದಿದೆ.

ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂನಲ್ಲಿ ಜನರಿಗೆ ಔಷಧಿಯ ವ್ಯವಸ್ಥೆ ಮಾಡಿದರು, ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟರು. ಬಂದೂಕಿಲ್ಲದೆ ವೀರಪ್ಪನ್‌ನನ್ನು ಶರಣಾಗಿಸಬಹುದೆಂದು ನಂಬಿದರು. 1991ರ ನವೆಂಬರ್ 10ರಂದು ಆ ನಂಬಿಕೆಯಿಂದಲೇ ಆಯುಧವಿಲ್ಲದೆ ಹೋಗಿ ತಲೆ ಕೊಟ್ಟರು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಜೊತೆಗಿದ್ದವರು ಹತರಾದರು. 1993ರ ಏಪ್ರಿಲ್ 9ರಂದು ಪಾಲಾರಿನಲ್ಲಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಆ ರಸ್ತೆಯಲ್ಲಿ ಹೋಗುವಾಗ ಈ ಹೆಸರುಗಳನ್ನು ಮಕ್ಕಳಿಗೆ ಹೇಳಿ.

ಅಲ್ಲಿಗೇ ನಿಲ್ಲಿಸಬೇಡಿ. ಇನ್ನೊಂದು ಅರ್ಧವನ್ನೂ ಹೇಳಿ. ಅವನನ್ನು ಹಿಡಿಯುವ ಹೆಸರಿನಲ್ಲಿ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಈ ಕಾಡಂಚಿನ ಬಡವರ ಮೇಲೆ ಏನು ಮಾಡಿದವು ಎಂದು. ಮಹದೇಶ್ವರ ಬೆಟ್ಟದಲ್ಲಿ, ನಾವು ಲಾಡು ಪ್ರಸಾದ ತಿಂದು ಉರುಳುಸೇವೆ ನೋಡಿ ಬರುವ ಅದೇ ಬೆಟ್ಟದಲ್ಲಿ, ‘ವರ್ಕ್‌ಶಾಪ್’ ಎಂದು ಜನ ನಡುಗುತ್ತಾ ಕರೆಯುತ್ತಿದ್ದ ಜಾಗವಿತ್ತು. ಅಲ್ಲಿ ಗಂಡಸರನ್ನೂ ಹೆಂಗಸರನ್ನೂ ಚಿತ್ರಹಿಂಸೆಗೆ ಒಳಪಡಿಸಿದರೆಂಬ ದೂರುಗಳ ತನಿಖೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿ ನೇಮಿಸಿತು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಟಾಡಾ ಕಾಯ್ದೆಯಡಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತು, ಕೊನೆಗೆ ತಪ್ಪಿಲ್ಲವೆಂದು ಹೊರಬಂದವರಲ್ಲಿ ಎಷ್ಟೋ ಮಂದಿ ಇದೇ ಕಾಡಿನವರು. ನಟ ರಾಜಕುಮಾರ್ ಅವರು 2000ದಲ್ಲಿ ವೀರಪ್ಪನ್‌ನ ಸೆರೆಯಾಳಾಗಿ 108 ದಿನ ಕಾಡಿನಲ್ಲಿದ್ದಾಗ ನಾಡಿಗೆ ನಾಡೇ ಉಪವಾಸ ಕೂತಿತು, ಹರಕೆ ಹೊತ್ತಿತು. ಸೋಲಿಗರ, ಮಲಯಾಳಿಗಳ ಗುಡಿಸಲಿನವರು ವರ್ಷಗಟ್ಟಲೆ ಎರಡು ಬಂದೂಕಿನ ನಡುವೆ ಇದ್ದಾಗ ಯಾರು ಹರಕೆ ಹೊತ್ತರು?

ಹರೂರಿನ ಕಡೆ, ಸಿತ್ತೇರಿ ಬೆಟ್ಟದ ಬುಡದಲ್ಲಿ ವಾಚಾತಿ ಎಂಬ ಹಳ್ಳಿಯಿದೆ. ತೀರ್ಥಮಲೆಗೆ ಹೋಗುವವರು ಆ ತಾಲ್ಲೂಕನ್ನು ಹಾಯ್ದೇ ಹೋಗುತ್ತಾರೆ. 1992ರ ಜೂನ್ 20ರಂದು ಶ್ರೀಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ಆ ಬುಡಕಟ್ಟಿನ ಊರಿಗೆ ನುಗ್ಗಿದರು. ಮನೆಗಳನ್ನು ಧ್ವಂಸ ಮಾಡಿದರು. 18 ಮಹಿಳೆಯರ ಮೇಲೆ ಅತ್ಯಾಚಾರವೆಸಗಿದರು. ಮಕ್ಕಳನ್ನೂ ಸೇರಿಸಿ ನೂರಕ್ಕೂ ಹೆಚ್ಚು ಜನರನ್ನು ಜೈಲಿಗೆ ಹಾಕಿದರು. 269 ಸರ್ಕಾರಿ ನೌಕರರು ಆರೋಪಿಗಳಾದರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ ತೀರ್ಪು ಕೊಡುವ ಹೊತ್ತಿಗೆ ಅವರಲ್ಲಿ 54 ಮಂದಿ ಸತ್ತಿದ್ದರು. ಉಳಿದ 215 ಮಂದಿಯೂ ತಪ್ಪಿತಸ್ಥರೆಂದು ಸಾಬೀತಾಯಿತು. ಆ ಹೆಣ್ಣುಮಕ್ಕಳು ಹತ್ತೊಂಬತ್ತು ವರ್ಷ ಕೋರ್ಟಿಗೆ ನಡೆದು ಪಡೆದ ತೀರ್ಪು ಅದು. ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ ಹೋಯಿತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಪಿ. ವೇಲ್ಮುರುಗನ್ 2023ರಲ್ಲಿ ತಾವೇ ಆ ಹಳ್ಳಿಗೆ ಹೋದರು. ಊರು ನೋಡಿದರು, ಜನರ ಮಾತು ಕೇಳಿದರು. ಆ ವರ್ಷದ ಸೆಪ್ಟೆಂಬರ್ 29ರಂದು ಶಿಕ್ಷೆಯನ್ನು ಎತ್ತಿಹಿಡಿದರು, ಆ ಮಹಿಳೆಯರಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿದರು.

ಧರ್ಮಪುರಿ ಜಿಲ್ಲೆಗೆ ಹೋದ ಪ್ರಯಾಣಗಳಲ್ಲಿ ನಾನು ತಲೆಬಾಗುವುದು ಈ ಒಂದು ಪ್ರಯಾಣಕ್ಕೆ. ಕಡತ ಓದಿ ತೀರ್ಪು ಬರೆಯಬಹುದಾಗಿದ್ದವರು ಗಾಡಿ ಹತ್ತಿ ಬಂದು ತಮ್ಮ ಕಣ್ಣಿನಿಂದ ನೋಡಿದರು.

ವಾಚಾತಿಗೆ ಹೋಗಿ ಎಂದು ನಾನು ನಿಮಗೆ ಹೇಳುತ್ತಿಲ್ಲ. ದಯವಿಟ್ಟು ಹೋಗಬೇಡಿ. ಆ ಹೆಂಗಸರು ಯಾರ ಪ್ರವಾಸದ ಪಟ್ಟಿಯಲ್ಲೂ ಇರಬೇಕಾದವರಲ್ಲ. ಆದರೆ ಹರೂರಿನ ಫಲಕ ಕಂಡಾಗ ಅವರ ನೆನಪಿರಲಿ. ಕಾಡಿನ ಕಥೆ ಹೇಳುವ ಗೈಡ್ ಬರೀ ಮೀಸೆಯ ಕಥೆ ಹೇಳಿದರೆ ಶ್ರೀನಿವಾಸ್ ಬಗ್ಗೆ ಕೇಳಿ, ವರ್ಕ್‌ಶಾಪ್ ಬಗ್ಗೆ ಕೇಳಿ. ನಾಲ್ಕು ಗುಂಪಿನವರು ಕೇಳಿದರೆ ಐದನೆಯ ಗುಂಪಿಗೆ ಅವನೇ ಹೇಳುತ್ತಾನೆ. ಪ್ರವಾಸ ನಡೆಸುವ ನಮ್ಮ ಸರ್ಕಾರಿ, ಖಾಸಗಿ ಸಂಸ್ಥೆಗಳವರಲ್ಲಿ ನನ್ನ ಒತ್ತಾಯ: ಗೋಪಿನಾಥಂಗೆ ಜನರನ್ನು ಕರೆದೊಯ್ಯುವಾಗ ಅಲ್ಲಿ ಸತ್ತವರ ಮತ್ತು ನರಳಿದವರ ಸಂಗತಿಯನ್ನು ಮೊದಲು ಹೇಳಿ. ವಿಡಿಯೊ ಮಾಡುವ ಹುಡುಗರೇ, ಸಮಾಧಿಯ ಮುಂದಿನ ಆ ವಿಡಿಯೊಗಳನ್ನು ತೆಗೆದುಹಾಕಿ.

ಪಾಪ್ಪಾರಪಟ್ಟಿಗೆ ಹೋಗಲೇಬೇಕೆನಿಸಿದರೆ ಅಲ್ಲಿ ಇನ್ನೊಂದು ಸ್ಮಾರಕವಿದೆ. ಅದು ಸುಬ್ರಮಣ್ಯ ಶಿವ ಅವರದು, ಸ್ವಾತಂತ್ರ್ಯ ಹೋರಾಟದಲ್ಲಿ ವ.ಉ. ಚಿದಂಬರಂ ಪಿಳ್ಳೆಯವರ ಜೊತೆಗಾರ. ಜೈಲಿನಲ್ಲಿ ಕುಷ್ಠರೋಗ ಅಂಟಿತು. ಆ ರೋಗದ ಕಾರಣ ಹೇಳಿ ಬ್ರಿಟಿಷರು ಅವರನ್ನು ರೈಲು ಹತ್ತಲು ಬಿಡಲಿಲ್ಲ. ಹುಣ್ಣಾದ ಕಾಲಿನಲ್ಲೇ ಊರಿಂದೂರಿಗೆ ನಡೆದರು, ಸಿಕ್ಕಾಗ ಎತ್ತಿನ ಗಾಡಿ ಹತ್ತಿದರು, ಹೋದಲ್ಲೆಲ್ಲ ಸ್ವರಾಜ್ಯದ ಮಾತಾಡಿದರು. ಪಾಪ್ಪಾರಪಟ್ಟಿಯಲ್ಲಿ ಭಾರತ ಮಾತೆಯ ಗುಡಿ ಕಟ್ಟುವ ಆಸೆ ಅವರಿಗಿತ್ತು; 1923ರಲ್ಲಿ ಚಿತ್ತರಂಜನ್ ದಾಸ್ ಬಂದು ಅಡಿಗಲ್ಲು ಹಾಕಿದರು. 1925ರ ಜುಲೈ 23ರಂದು ಶಿವ ಅಲ್ಲೇ ತೀರಿಕೊಂಡರು. ಮಕ್ಕಳನ್ನು ಆ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂರಿಸಿ ಈ ಕಥೆ ಹೇಳಿ.

ಈ ವಾರವೇ ಹೊರಡುವವರಿದ್ದರೆ ಬೆಂಗಳೂರಿನಿಂದ ಸ್ವಲ್ಪ ಬೇಗ ಬಿಡಿ. ತೊಪ್ಪೂರು ಘಟ್ಟದ ಇಳಿಜಾರಿನಲ್ಲಿ ಗೇರ್ ತಗ್ಗಿಸಿ ನಿಧಾನ ಇಳಿಯಿರಿ, ಅಲ್ಲಿ ಬ್ರೇಕ್ ಹಿಡಿಯದೆ ಬಂದ ಲಾರಿಗಳಿಗೆ ಸಿಕ್ಕು ಸತ್ತವರು ಬಹಳ. ಅದಕ್ಕೂ ಮೊದಲು ಧರ್ಮಪುರಿಯಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಹೋಗಿ. ಕೋಟೆ ದೇವಸ್ಥಾನದಲ್ಲಿ ನೊಳಂಬರ ಕಾಲದ ಕೆಲಸವಿದೆ, ಅಡಿಪಾಯದ ಕಲ್ಲಿನಲ್ಲಿ ರಾಮಾಯಣದ ಪುಟ್ಟ ಕೆತ್ತನೆಗಳಿವೆ. ಬಗ್ಗಿ ನೋಡಬೇಕು, ಮುಟ್ಟಬಾರದು. ಹುಂಡಿಗೆ ಹಾಕುವಷ್ಟನ್ನೇ ದುರಸ್ತಿಗೆಂದು ಹೇಳಿ ಅಲ್ಲಿಯವರ ಕೈಗೆ ಕೊಟ್ಟು ರಸೀದಿ ಕೇಳಿ ಪಡೆಯಿರಿ. ಅಲ್ಲಿಂದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ವೀರಗಲ್ಲುಗಳನ್ನು ನೋಡಿ. ಅದಕ್ಕೆ ಯಾವ ದಿನ ರಜೆ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.